ಹಳೇ ಲ್ಯಾಂಡ್ ರೋವರ್‌ನ ಸೀಟ್ ಬಾಕ್ಸ್: ತೇಪೆ ಹಾಕುವುದೋ, ಬದಲಿಸುವುದೋ?

ಸೀಟಿನ ಕುಶನ್ ಎತ್ತಿ, ಕೆಳಗಿನ ರಬ್ಬರ್ ಮ್ಯಾಟ್ ಸರಿಸಿದರೆ ಬಿಳಿ ಪುಡಿ. ಒರೆಸಿದರೆ ಅದರಡಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಗುಳ್ಳೆಯನ್ನು ಬೆರಳಲ್ಲಿ ಒತ್ತಿದರೆ ತಗಡು ತರಗೆಲೆಯ ಹಾಗೆ ಮುರಿದು, ಕೆಳಗಿನ ನೆಲ ಕಾಣುತ್ತದೆ. ಹಳೇ ಲ್ಯಾಂಡ್ ರೋವರ್ ಇಟ್ಟುಕೊಂಡವರಿಗೆ ಇದು ಹೊಸ ನೋಟವಲ್ಲ. ಅಲ್ಲಿಂದ ಮುಂದೆ ಶುರುವಾಗುವುದು ತಲೆಬಿಸಿ. ತೇಪೆ ಸಾಕಾ? ವೆಲ್ಡಿಂಗ್ ಮಾಡಿಸಬೇಕಾ? ಇಡೀ ಸೀಟ್ ಬಾಕ್ಸನ್ನೇ, ಅಂದರೆ ಮುಂದಿನ ಸೀಟುಗಳ ಕೆಳಗಿನ ತಗಡಿನ ಪೆಟ್ಟಿಗೆಯನ್ನೇ, ಬದಲಿಸಬೇಕಾ?

ಹೀಗೆ ಕೇಳುವವರು ಸಾಮಾನ್ಯವಾಗಿ ತೂತಿನ ಅಳತೆ ಹೇಳುತ್ತಾರೆ. "ಅಂಗೈಯಷ್ಟು ಹೋಗಿದೆ", "ಎರಡು ಬೆರಳು ತೂರುತ್ತೆ" ಅಂತ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ತೂತು ಎಲ್ಲಿದೆ? ಬ್ಯಾಟರಿ ಇಡುವ ತಳದ ನಡುವೆ ಅಂಗೈಯಷ್ಟು ತೂತಿದ್ದರೆ ಅದು ರಜೆಯ ಒಂದೆರಡು ದಿನದ ಕೆಲಸ. ಸೀಟ್ ಬೆಲ್ಟ್ ಕಟ್ಟುವ ಬೋಲ್ಟಿನ ಪಕ್ಕ ಬೆರಳಷ್ಟು ತೂತಿದ್ದರೂ ಸರಿ, ಅದು ರಿಪೇರಿ ಆಗುವವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಆ ಜಾಗ ಏನನ್ನು ಹೊತ್ತಿದೆ ಅನ್ನುವುದರ ಮೇಲೆಯೇ ಮುಂದಿನ ತೀರ್ಮಾನವೆಲ್ಲ ನಿಂತಿದೆ.

ಅಲ್ಯೂಮಿನಿಯಂ ಅಲ್ವಾ, ಯಾಕೆ ಹಾಳಾಗುತ್ತದೆ?

1948ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೋಟಾರು ಪ್ರದರ್ಶನದಲ್ಲಿ ಮೊದಲ ಲ್ಯಾಂಡ್ ರೋವರ್ ಕಾಣಿಸಿಕೊಂಡಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ಬರ. ಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಉಕ್ಕು ಪಡಿತರದಲ್ಲೇ ಸಿಗುತ್ತಿತ್ತು. ಹಾಗಾಗಿ ಚಾಸಿಸ್ ಉಕ್ಕಿನದಾಯಿತು, ಮೈಯ ಬಹುಪಾಲು ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ-ಮೆಗ್ನೀಸಿಯಂ ಮಿಶ್ರಲೋಹದ ತಗಡಿನದಾಯಿತು. 2016ರ ಜನವರಿಯಲ್ಲಿ ಸಾಲಿಹಲ್ ಕಾರ್ಖಾನೆಯಿಂದ ಈ ಗಾಡಿಯ ನಂತರದ ರೂಪವಾದ ಹಳೇ ಡಿಫೆಂಡರ್‌ನ ಕೊನೆಯದು ಹೊರಬರುವವರೆಗೂ ಸೀಟ್ ಬಾಕ್ಸಿನ ಉಪಾಯ ಹೆಚ್ಚು ಬದಲಾಗಲಿಲ್ಲ. ತಗಡು ಮಡಚಿ ಮಾಡಿದ, ಗಾಡಿಯ ಅಡ್ಡಕ್ಕೆ ಕೂರುವ ಒಂದು ಪೆಟ್ಟಿಗೆ. ನಡುವಿನ ಭಾಗ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಮೇಲೆ ಮುಚ್ಚಳದಂತೆ ಇರುತ್ತದೆ. ಎಡಕ್ಕೂ ಬಲಕ್ಕೂ ಒಂದೊಂದು ಗೂಡು. ಡಿಫೆಂಡರ್‌ಗಿಂತ ಮೊದಲು ಬಂದ ಸೀರೀಸ್ ಗಾಡಿಗಳ ಪೈಕಿ 88 ಇಂಚಿನವುಗಳಲ್ಲಿ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಳತೆ) ಬಲಗಡೆ ಸೀಟಿನ ಕೆಳಗೆ ಇಂಧನದ ಟ್ಯಾಂಕ್. ಡಿಫೆಂಡರ್‌ನಲ್ಲಿ ಒಂದು ಸೀಟಿನ ಕೆಳಗೆ ಬ್ಯಾಟರಿ. ಟಿಡಿ5 ಎಂಬ ಡೀಸೆಲ್ ಇಂಜಿನ್ ಇರುವ ಗಾಡಿಯಾದರೆ ಇಂಜಿನ್ನಿನ ಕಂಪ್ಯೂಟರ್ ಕೂಡ ಸೀಟಿನ ಕೆಳಗೇ.

ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಗಾಳಿ ತಾಗಿದ ಕೂಡಲೇ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಅದನ್ನು ಉಕ್ಕಿಗೆ ತಾಗಿಸಿ, ಎರಡರ ನಡುವೆ ಉಪ್ಪು ನೀರೋ ಕೆಸರು ನೀರೋ ನಿಲ್ಲುವಂತೆ ಮಾಡಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ, ಉಳಿಯುವುದು ಉಕ್ಕು. ಅದಕ್ಕೇ ಸೀಟ್ ಬಾಕ್ಸ್ ಬಯಲು ಜಾಗದಲ್ಲಿ ಹಾಳಾಗುವುದು ಕಡಿಮೆ. ಚಾಸಿಸ್ಸಿನ ಬ್ರಾಕೆಟ್ ತಾಗುವ ಕಡೆ, ಬಾಗಿಲ ಕಂಬದ ಬುಡ ಸೇರುವ ಮೂಲೆ, ನೆಲದ ತಗಡಿಗೆ ಬೋಲ್ಟ್ ಹಾಕಿದ ಮುಂಭಾಗದ ಅಂಚು, ಇಲ್ಲೆಲ್ಲ ಜಾಸ್ತಿ. ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುವ ಫೆಲ್ಟ್, ಫೋಮ್, ದಪ್ಪ ಮ್ಯಾಟ್ ಇದ್ದರೆ ಇನ್ನೂ ಬೇಗ. ಬ್ಯಾಟರಿ ಗೂಡಿನಲ್ಲಿ ಇದರ ಮೇಲೆ ಆಸಿಡ್ ಬೇರೆ ಸೇರುತ್ತದೆ.

ಯಾವ ಲೋಹ ಎಷ್ಟು ಅಗಲ ಇದೆ ಅನ್ನುವುದೂ ಮುಖ್ಯ. ದೊಡ್ಡ ಅಲ್ಯೂಮಿನಿಯಂ ತಗಡಿಗೆ ಒಂದೆರಡು ಸಣ್ಣ ಉಕ್ಕಿನ ಬೋಲ್ಟ್ ಹಾಕಿದರೆ ಹಾನಿ ನಿಧಾನ. ದೊಡ್ಡ ಉಕ್ಕಿನ ತಗಡಿಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಆ ರಿವೆಟ್ಟುಗಳು ಬೇಗ ಕರಗಿ ಹೋಗುತ್ತವೆ. ನಾನು ಕೊಂಡ ಹಳೇ ಒನ್ ಟೆನ್‌ನಲ್ಲಿ (110 ಇಂಚಿನ ಲ್ಯಾಂಡ್ ರೋವರ್) ಇದನ್ನು ಕಣ್ಣಾರೆ ನೋಡಿದೆ. ಹಿಂದೆ ಯಾರೋ ಬ್ಯಾಟರಿ ಗೂಡಿನ ತಳಕ್ಕೆ ಉಕ್ಕಿನ ತಗಡು ಇಟ್ಟು, ಅಲ್ಯೂಮಿನಿಯಂ ರಿವೆಟ್ ಹೊಡೆದು, ಮೇಲೆ ಡಾಂಬರಿನಂಥ ಕಪ್ಪು ಬಳಿದಿದ್ದರು. ಕಪ್ಪು ಕೆರೆದಾಗ ಅರ್ಧಕ್ಕರ್ಧ ರಿವೆಟ್ಟಿಗೆ ತಲೆಯೇ ಇರಲಿಲ್ಲ. ತೇಪೆಯ ಸುತ್ತಲಿನ ಒಳ್ಳೆಯ ಅಲ್ಯೂಮಿನಿಯಂ ಕೂಡ ತೇಪೆಯ ಆಕಾರದಲ್ಲೇ ತಿಂದು ಹೋಗಿತ್ತು. ಮೊದಲಿದ್ದ ತೂತಿಗಿಂತ ದೊಡ್ಡ ತೂತು ಆ ರಿಪೇರಿಯಿಂದಲೇ ಆಗಿತ್ತು.

ತೀರ್ಮಾನಕ್ಕೆ ಮೊದಲು ನೋಡಬೇಕಾದ್ದು

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಸೀಟು, ಮ್ಯಾಟು, ಮುಚ್ಚಳ ಎಲ್ಲ ತೆಗೆದು ಗೂಡು ಖಾಲಿ ಮಾಡಿ. ಒಂದು ಮೊಂಡು ದಬ್ಬಳ ಅಥವಾ ಹಳೇ ಸ್ಕ್ರೂಡ್ರೈವರ್ ಹಿಡಿದು ಅಂಚುಗಳ ಉದ್ದಕ್ಕೂ ಒತ್ತುತ್ತಾ ಹೋಗಿ. ಒಳ್ಳೆಯ ತಗಡು ತಟ್ಟಿದರೆ ಟಣ್ ಅನ್ನುತ್ತದೆ, ತಿಂದು ಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಗುಂಡಿ ಬಿದ್ದ ಕಡೆಯೆಲ್ಲ ಮಾರ್ಕರ್‌ನಿಂದ ಗುರುತು ಹಾಕಿ, ಫೋಟೋ ತೆಗೆದುಕೊಳ್ಳಿ. ಆಮೇಲೆ ಗಾಡಿಯ ಕೆಳಗೆ ಮಲಗಿ ಅದೇ ಜಾಗಗಳನ್ನು ಕೆಳಗಿನಿಂದಲೂ ನೋಡಿ. ಮೇಲಿನಿಂದ ಒಂದು ಬೋಲ್ಟಿನ ಸುತ್ತ ಕಂಡ ಬಿಳಿ ಪುಡಿ, ಕೆಳಗಿನಿಂದ ನೋಡಿದರೆ ಒಂದಡಿ ಉದ್ದ ಹರಡಿರುವುದು ಸಾಮಾನ್ಯ.

ಈಗ ಪ್ರತಿ ಗುರುತಿಗೂ ಒಂದು ಪ್ರಶ್ನೆ: ಇದು ಬರೀ ಮುಚ್ಚುವ ತಗಡೋ, ಭಾರ ಹೊರುವ ತಗಡೋ?

ಗೂಡಿನ ತಳ, ಗೂಡಿನ ಒಳಗೋಡೆ, ಮುಂದಿನ ಮುಖದ ನಡುಭಾಗ, ಇವು ಹೆಚ್ಚಾಗಿ ಮುಚ್ಚುವ ತಗಡು. ಕೆಸರು, ಸದ್ದು, ಬಿಸಿ ಒಳಗೆ ಬರದಂತೆ ತಡೆಯುವುದು ಅವುಗಳ ಕೆಲಸ. ಬ್ಯಾಟರಿ ತಳ ಮಾತ್ರ ಸ್ವಲ್ಪ ತೂಕ ಹೊರುತ್ತದೆ. ಸೀಟಿನ ಹಳಿ ಕೂರುವ ಮೇಲಂಚು, ಹ್ಯಾಂಡ್‌ಬ್ರೇಕ್ ಲಿವರ್ ಕೂರುವ ಜಾಗ, ಬೆಲ್ಟಿನ ಬೋಲ್ಟುಗಳು, ಚಾಸಿಸ್ಸಿಗೆ ಮತ್ತು ಬಾಗಿಲ ಕಂಬಕ್ಕೆ ಸೇರುವ ತುದಿಗಳು, ಇವು ಭಾರ ಹೊರುವ ಜಾಗಗಳು. ಬೆಲ್ಟಿನ ಬುಡ ಎಲ್ಲಿಗೆ ಕಟ್ಟಿದೆ ಅನ್ನುವುದು ಗಾಡಿಯ ಮಾದರಿ, ವರ್ಷದ ಮೇಲೆ ಬದಲಾಗುತ್ತದೆ. ಕೆಲವದರಲ್ಲಿ ಉಕ್ಕಿನ ಬ್ರಾಕೆಟ್ ಮೂಲಕ ಎಳೆತ ಚಾಸಿಸ್ಸಿಗೆ ಹೋಗುತ್ತದೆ. ಊಹೆ ಬೇಡ, ನಿಮ್ಮ ಗಾಡಿಯಲ್ಲಿ ಕೈ ಹಾಕಿ ಮುಟ್ಟಿ ನೋಡಿ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಲೆಕ್ಕ ಕಾರಣ. 75 ಕಿಲೋ ತೂಕದ ಮನುಷ್ಯ ಕೂತಿದ್ದಾರೆ ಅಂದುಕೊಳ್ಳಿ. ಗಾಡಿ ಡಿಕ್ಕಿ ಹೊಡೆದು, ನೆಲದ ಸೆಳೆತದ (ಗುರುತ್ವದ) 20 ಪಟ್ಟು ಜೋರಾಗಿ ನಿಂತರೆ, ಬೆಲ್ಟಿನ ಮೇಲೆ ಬೀಳುವ ಎಳೆತ 1,500 ಕಿಲೋ ತೂಕದಷ್ಟು. ಬಿಳಿ ಪುಡಿಯಾದ ತಗಡು ಅದನ್ನು ತಡೆಯುವುದಿಲ್ಲ. ಗಾಡಿ ರಸ್ತೆಗೆ ಯೋಗ್ಯವೋ ಅಂತ ನೋಡುವ ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲೂ ಬೆಲ್ಟ್ ಕಟ್ಟುವ ಬಿಂದುವಿನಿಂದ 30 ಸೆಂಟಿಮೀಟರ್ ಒಳಗಿನ ತುಕ್ಕನ್ನು ಬೇರೆ ಕಡೆಯ ತುಕ್ಕಿಗಿಂತ ಕಟ್ಟುನಿಟ್ಟಾಗಿ ನೋಡುತ್ತಾರೆ. ನಿಮ್ಮಲ್ಲಿ ಗಾಡಿ ತಪಾಸಣೆಯ ನಿಯಮ ಏನೇ ಇರಲಿ, ಟೇಪ್ ಹಿಡಿದು ಆ 30 ಸೆಂಟಿಮೀಟರಿನ ವೃತ್ತ ಎಳೆದುಕೊಳ್ಳಿ. ವೃತ್ತದ ಒಳಗೆ ಒಂದು ಲೆಕ್ಕ, ಹೊರಗೆ ಇನ್ನೊಂದು.

ಉಳಿದ ಮಾನದಂಡಗಳನ್ನು ಬೇಗ ಹೇಳಿಬಿಡುತ್ತೇನೆ. ಗಾಡಿ ದಿನಾ ಓಡುತ್ತದೋ, ಹೊಳೆ ದಾಟುತ್ತದೋ, ಪ್ರದರ್ಶನಕ್ಕೆ ಹೋಗುತ್ತದೋ? ಕಾರ್ಖಾನೆಯಿಂದ ಬಂದ ಮೂಲ ತಗಡು ಉಳಿಯಬೇಕು ಅನ್ನುವ ಆಸೆ ಎಷ್ಟಿದೆ? ನಿಮ್ಮ ಹತ್ತಿರ ಡ್ರಿಲ್, ರಿವೆಟ್ ಗನ್ ಇದೆಯೋ, ಟಿಗ್ ವೆಲ್ಡಿಂಗ್ (ಅಲ್ಯೂಮಿನಿಯಂಗೆ ಒಗ್ಗುವ ನಾಜೂಕಿನ ವಿದ್ಯುತ್ ಬೆಸುಗೆ) ಕೂಡ ಬರುತ್ತದೋ? ಮುಂದಿನ ಒಂದೆರಡು ವರ್ಷದಲ್ಲಿ ಗೇರ್‌ಬಾಕ್ಸ್ ಇಳಿಸುವ ಅಥವಾ ಚಾಸಿಸ್ ಬದಲಿಸುವ ಯೋಚನೆ ಇದೆಯೋ? ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಸೀಟ್ ಬಾಕ್ಸ್ ಹೊರಬಂದರೆ ಗೇರ್‌ಬಾಕ್ಸಿನ ಮೇಲ್ಭಾಗ, ಟ್ರಾನ್ಸ್‌ಫರ್ ಬಾಕ್ಸ್, ಚಾಸಿಸ್ಸಿನ ಬೆನ್ನು ಎಲ್ಲ ಕೈಗೆ ಸಿಗುತ್ತದೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಒಂದು ಸಲದ ಬಿಚ್ಚುವ ಶ್ರಮ ಉಳಿಯುತ್ತದೆ.

ಬರೀ ತೊಳೆದು ಬಣ್ಣ ಹಚ್ಚುವುದು

ಗುಂಡಿ ಬಿದ್ದಿದೆ, ತೂತು ಬಿದ್ದಿಲ್ಲ, ದಬ್ಬಳ ಒತ್ತಿದರೆ ಒಳಗೆ ಹೋಗುತ್ತಿಲ್ಲ ಅಂದರೆ ತಗಡು ಕತ್ತರಿಸುವ ಅಗತ್ಯವೇ ಇಲ್ಲ. ಇದನ್ನು ಸೋಮಾರಿಗಳ ದಾರಿ ಅಂತ ಯಾರಾದರೂ ಅಂದರೆ ನಂಬಬೇಡಿ. ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ.

ಬ್ಯಾಟರಿ ಗೂಡಾದರೆ ಮೊದಲು ಅಡುಗೆ ಸೋಡಾ ಕರಗಿಸಿದ ನೀರು ಸುರಿದು, ನೊರೆ ಏಳುವುದು ನಿಲ್ಲುವವರೆಗೆ ತೊಳೆಯಿರಿ. ಆಮೇಲೆ ಬರೀ ನೀರು. ಕಾಸ್ಟಿಕ್ ಇರುವ ಕ್ಲೀನರ್ ಮಾತ್ರ ಮುಟ್ಟಲೇಬೇಡಿ, ಅದು ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ. ಬಿಳಿ ಪುಡಿ ಉಜ್ಜಲು ಮಾಮೂಲಿ ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಚೂರುಗಳು ಮೆತ್ತಗಿನ ಅಲ್ಯೂಮಿನಿಯಂ ಒಳಗೆ ಹೂತುಕೊಂಡು, ನಾವು ಓಡಿಸಬೇಕು ಅಂದುಕೊಂಡ ತೊಂದರೆಯನ್ನೇ ಮತ್ತೆ ನೆಡುತ್ತವೆ. ನೈಲಾನ್ ಪ್ಯಾಡ್ ಒಳ್ಳೆಯದು. ಇಲ್ಲದಿದ್ದರೆ ಬೇರೆ ಯಾವುದಕ್ಕೂ ಬಳಸದ ಸ್ಟೇನ್‌ಲೆಸ್ ಬ್ರಷ್. ಹೊಳೆಯುವ ಲೋಹ ಬಂದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬಿಟ್ಟರೆ ಆಕ್ಸೈಡ್ ಮತ್ತೆ ದಪ್ಪಗಾಗಿ ಬಣ್ಣದ ಹಿಡಿತ ಸಡಿಲವಾಗುತ್ತದೆ.

ಖರ್ಚು ಎಲ್ಲಕ್ಕಿಂತ ಕಡಿಮೆ. ಒಂದು ಮಿತಿ ಇದೆ: ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯೊಳಗೆ ಏನಾಗಿದೆ ಅಂತ ಇದರಲ್ಲಿ ಕಾಣುವುದಿಲ್ಲ. ಸಂದಿ ಉಬ್ಬಿದ್ದರೆ ಒಳಗೆ ಪುಡಿ ತುಂಬಿದೆ ಅಂತಲೇ ಲೆಕ್ಕ. ಅಂಥ ಕಡೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ.

ರಿವೆಟ್ ಮತ್ತು ಅಂಟಿನ ತೇಪೆ

ನನ್ನ ಮಟ್ಟಿಗೆ, ಮನೆಯಲ್ಲೇ ಕೆಲಸ ಮಾಡುವವರಿಗೆ ಇದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಮುಚ್ಚುವ ತಗಡಿನ ಮಟ್ಟಿಗೆ ಮಾತ್ರ ಈ ಮಾತು.

ರಿವೆಟ್ ತೇಪೆ ಅಂದರೆ ಅಗ್ಗದ ಕೆಲಸ ಅನ್ನುವ ಭಾವನೆ ಕೆಲವರಲ್ಲಿದೆ. ವಿಮಾನದ ಮೈಯೇ ರಿವೆಟ್ ಮೇಲೆ ನಿಂತಿದೆ. 1996ರ ಲೋಟಸ್ ಎಲೀಸ್ ಕಾರಿನ ಅಲ್ಯೂಮಿನಿಯಂ ಚಾಸಿಸ್ಸನ್ನು ಜೋಡಿಸಿರುವುದು ಎಪಾಕ್ಸಿ ಅಂಟಿನಿಂದ. ಅಲ್ಯೂಮಿನಿಯಂಗೆ ಈ ಎರಡೂ ಸಹಜವಾದ ಜೋಡಣೆಗಳು. ವೆಲ್ಡಿಂಗ್ ಬಿಸಿಗೆ ತಗಡು ಸೊಟ್ಟಗಾಗುವ ಭಯವೂ ಇಲ್ಲಿಲ್ಲ.

ಕೆಲಸ ನಿಲ್ಲುವುದು ಮಾತ್ರ ಸಣ್ಣ ಸಣ್ಣ ವಿಷಯಗಳ ಮೇಲೆ. ತಿಂದು ಹೋದ ತಗಡನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ಒಳ್ಳೆಯ ಲೋಹ ಸಿಗುವವರೆಗೆ. ತೂತಿನ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಚೂಪು ಮೂಲೆಯಿಂದಲೇ ಸೀಳು ಶುರುವಾಗುವುದು. ಈಗಾಗಲೇ ಸೀಳು ಇದ್ದರೆ ಅದರ ತುದಿಗೆ 3 ಮಿಲಿಮೀಟರಿನ ತೂತು ಕೊರೆದು ಅಲ್ಲಿಗೆ ನಿಲ್ಲಿಸಿ. ತೇಪೆಗೆ 5251 ದರ್ಜೆಯ ಶೀಟ್ ಕೇಳಿ. ಹಳೇ ಬರ್ಮಾಬ್ರೈಟ್‌ಗೆ ಹತ್ತಿರದ ಮಿಶ್ರಲೋಹ ಅದು, ಮಡಚಿದರೂ ಸೀಳುವುದಿಲ್ಲ. 6082-ಟಿ6 ಗಟ್ಟಿಯೇನೋ ಹೌದು, ಆದರೆ ಬಿಗಿಯಾಗಿ ಮಡಚಲು ಹೋದರೆ ಬಿರುಕು ಬಿಡುತ್ತದೆ. ದಪ್ಪವನ್ನು ನಿಮ್ಮ ಮೂಲ ತಗಡಿನ ಒಳ್ಳೆಯ ಜಾಗದಲ್ಲಿ ಅಳೆದು, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ತೆಗೆದುಕೊಳ್ಳಿ. ಮುಚ್ಚುವ ಜಾಗಕ್ಕೆ 2 ಮಿಲಿಮೀಟರ್ ಸಾಕು.

ತೇಪೆ ಪ್ರತಿ ಕಡೆಯೂ ಒಳ್ಳೆಯ ಲೋಹದ ಮೇಲೆ ಕನಿಷ್ಠ 25 ಮಿಲಿಮೀಟರ್ ಹರಡಿರಬೇಕು. 4.8 ಮಿಲಿಮೀಟರಿನ ರಿವೆಟ್ ಆದರೆ ತೂತಿನ ನಡುವಿನಿಂದ ತಗಡಿನ ಅಂಚಿಗೆ ಸುಮಾರು 10 ಮಿಲಿಮೀಟರ್ ಬಿಡಿ, ಅಂದರೆ ರಿವೆಟ್ಟಿನ ದಪ್ಪದ ಎರಡರಷ್ಟು. ರಿವೆಟ್ಟಿನಿಂದ ರಿವೆಟ್ಟಿಗೆ 30 ಮಿಲಿಮೀಟರ್ ಆಸುಪಾಸು. ರಿವೆಟ್ ಕೊಳ್ಳುವಾಗ ಒಂದು ಎಚ್ಚರಿಕೆ. ಮಾಮೂಲಿ ಅಲ್ಯೂಮಿನಿಯಂ ಪಾಪ್ ರಿವೆಟ್ಟಿನ ನಡುವಿನ ಕಡ್ಡಿ ಹೆಚ್ಚಾಗಿ ಉಕ್ಕಿನದು, ಎಳೆದ ಮೇಲೆ ಅದರ ತಲೆ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಕಡ್ಡಿಯೂ ಅಲ್ಯೂಮಿನಿಯಂ ಆಗಿರುವುದನ್ನೋ, ತಳ ಮುಚ್ಚಿದ ಸೀಲ್ಡ್ ರಿವೆಟ್ಟನ್ನೋ ಕೇಳಿ ತನ್ನಿ.

ಮೊದಲು ಎಲ್ಲ ತೂತು ಕೊರೆದು, ಅಂಟು ಹಚ್ಚದೆ ಒಮ್ಮೆ ಜೋಡಿಸಿ ನೋಡಿ. ಬಿಚ್ಚಿ, ಎರಡೂ ಮುಖ ಉಜ್ಜಿ, ಎರಡು ಭಾಗದ ಸ್ಟ್ರಕ್ಚರಲ್ ಅಂಟು ಹಚ್ಚಿ, ಆಮೇಲೆ ರಿವೆಟ್ ಎಳೆಯಿರಿ. ಅಂಟು ಬಲ ಕೊಡುತ್ತದೆ, ಜೊತೆಗೆ ಸಂದಿಗೆ ನೀರು ಹೋಗದಂತೆ ಮುಚ್ಚುತ್ತದೆ. ಆ ಎರಡನೆಯ ಉಪಕಾರ ದೊಡ್ಡದು. ಇಂಥ ತೇಪೆ ಇರುವ ಬಾಕ್ಸನ್ನು ಆಮೇಲೆ ಪೌಡರ್ ಕೋಟಿಂಗಿಗೆ ಕೊಡಬೇಡಿ. ಅಲ್ಲಿನ ಒಲೆಯ ಬಿಸಿ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ, ಹೆಚ್ಚಿನ ಅಂಟುಗಳು ಅದನ್ನು ತಾಳುವುದಿಲ್ಲ. ಬ್ರಷ್ಷಿನಲ್ಲೋ ಸ್ಪ್ರೇಯಲ್ಲೋ ಬಣ್ಣ ಹಚ್ಚಿದರೆ ಆಯಿತು.

ಕೊರತೆ ಏನು ಅಂದರೆ ಅದು ಕಾಣುತ್ತದೆ. ಪ್ರದರ್ಶನದ ಗಾಡಿಗೆ ರಿವೆಟ್ಟಿನ ಸಾಲು ಒಪ್ಪದಿರಬಹುದು. ಬಾಕ್ಸ್ ಗಾಡಿಯಲ್ಲೇ ಇದ್ದು ಕೆಲಸ ಮಾಡಿದರೆ ಹಿಂದಿನ ಮುಖಗಳಿಗೆ ಕೈ ಎಟುಕದ ತಾಪತ್ರಯವೂ ಇದೆ. ಟ್ಯಾಂಕ್ ಇರುವ ಕಡೆ ಡ್ರಿಲ್ ಹಿಡಿಯುವ ಮೊದಲು ಟ್ಯಾಂಕನ್ನು ಗಾಡಿಯಿಂದಲೇ ಇಳಿಸಿ. ಖಾಲಿ ಟ್ಯಾಂಕ್ ಪರವಾಗಿಲ್ಲ ಅಂದುಕೊಳ್ಳಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ.

ವೆಲ್ಡಿಂಗ್

ಚೆನ್ನಾಗಿ ಮಾಡಿದ ಟಿಗ್ ವೆಲ್ಡಿಂಗ್ ಅಂದವೇ ಬೇರೆ. ಉಜ್ಜಿ ನಯ ಮಾಡಿ ಬಣ್ಣ ಹಚ್ಚಿದರೆ ರಿಪೇರಿ ಆಗಿದೆ ಅಂತ ಗೊತ್ತೇ ಆಗುವುದಿಲ್ಲ. ಮೂಲ ತಗಡು ಉಳಿಯಬೇಕು, ಕಣ್ಣಿಗೆ ಕಾಣಬಾರದು ಅನ್ನುವವರಿಗೆ ಇದೇ ಸರಿ.

ಆದರೆ ಹಳೇ ತಗಡಿಗೆ ಇದು ಕಷ್ಟದ ಕೆಲಸ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ 2,000 ಡಿಗ್ರಿ ದಾಟಿದ ಮೇಲೆ. ಅಂದರೆ ಚೂರು ಆಕ್ಸೈಡ್ ಉಳಿದರೂ ಮೇಲಿನ ಪೊರೆ ಹಾಗೇ ಇರುತ್ತದೆ, ಒಳಗಿನ ಲೋಹ ಕರಗಿ ಕೆಳಗೆ ಬೀಳುತ್ತದೆ. ವರ್ಷಗಟ್ಟಲೆ ಎಣ್ಣೆ, ಆಸಿಡ್, ಉಪ್ಪು ಕುಡಿದ ತಗಡನ್ನು ಎಷ್ಟು ಉಜ್ಜಿದರೂ ಗುಂಡಿಗಳೊಳಗೆ ಕೊಳೆ ಉಳಿದು ವೆಲ್ಡಿಂಗ್ ತೂತು ತೂತಾಗುತ್ತದೆ. ಇನ್ನೊಂದು ವಿಷಯ ಕಣ್ಣಿಗೆ ಕಾಣುವಂಥದ್ದಲ್ಲ. ಈ ತಗಡು ಗಟ್ಟಿಯಾಗಿರುವುದು ಕಾರ್ಖಾನೆಯಲ್ಲಿ ತಣ್ಣಗಿರುವಾಗಲೇ ಒತ್ತಿ ಉರುಳಿಸಿದ್ದರಿಂದ. ವೆಲ್ಡಿಂಗ್ ಬಿಸಿ ತಾಗಿದ ಪಟ್ಟಿ ಮತ್ತೆ ಮೆತ್ತಗಾಗುತ್ತದೆ. ಗೂಡಿನ ಗೋಡೆಗೆ ಇದು ಲೆಕ್ಕಕ್ಕಿಲ್ಲ. ಸೀಟಿನ ಹಳಿಯ ಪಕ್ಕಕ್ಕೆ ಲೆಕ್ಕಕ್ಕಿದೆ. ಅಲ್ಲಿ ವೆಲ್ಡ್ ಮಾಡಿಸಿದರೆ ಅಡಿಯಲ್ಲಿ ದಪ್ಪ ತಗಡಿನ ಆಧಾರವನ್ನೂ ಕೊಡಿಸಿ.

ಬಾಕ್ಸನ್ನು ಗಾಡಿಯಿಂದ ಇಳಿಸಿ ಕೊಂಡೊಯ್ಯಿರಿ. ಗಾಡಿಯಲ್ಲೇ ವೆಲ್ಡಿಂಗ್ ಅಂದರೆ ಟ್ಯಾಂಕ್, ವೈರಿಂಗ್, ಇಂಜಿನ್ ಕಂಪ್ಯೂಟರ್ ಎಲ್ಲಕ್ಕೂ ಅಪಾಯ. ಬಾಕ್ಸ್ ಇಳಿಸಲೇಬೇಕು ಅಂತಾದರೆ ಬಿಚ್ಚುವ ಶ್ರಮದಲ್ಲಿ ಇದಕ್ಕೂ ಹೊಸ ಬಾಕ್ಸಿಗೂ ವ್ಯತ್ಯಾಸ ಉಳಿಯುವುದಿಲ್ಲ. ಜೊತೆಗೆ ಅಲ್ಯೂಮಿನಿಯಂ ಟಿಗ್ ಬಲ್ಲವರ ಗಂಟೆಗಳ ಕೂಲಿ. ಮೂರ್ನಾಲ್ಕು ಕಡೆ ತಿಂದು ಹೋಗಿದ್ದರೆ ಅದು ಬೇಗ ಹೊಸ ಬಾಕ್ಸಿನ ಬೆಲೆಯ ಹತ್ತಿರ ಹೋಗುತ್ತದೆ. ಒಂದೇ ಒಂದು ಕಡೆ, ಅದೂ ಕಾಣುವ ಕಡೆ ಹಾಳಾಗಿದ್ದರೆ ಮಾತ್ರ ನಾನು ವೆಲ್ಡಿಂಗ್ ಕಡೆಗೆ ವಾಲುತ್ತೇನೆ.

ಹಳೇ ಗಾಡಿಯಿಂದ ತೆಗೆದ ಬಾಕ್ಸ್

ಸಿಕ್ಕರೆ ಅದೃಷ್ಟ. ಒಣ ಹವೆಯಲ್ಲಿ ಓಡಿದ ಗಾಡಿಯದಾದರೆ ಇನ್ನೂ ಒಳ್ಳೆಯದು. ಮೂಲ ತಗಡು, ಮೂಲ ಮಡಿಕೆ, ಎಲ್ಲ ತೂತುಗಳೂ ಇರಬೇಕಾದ ಕಡೆಯೇ ಇರುತ್ತವೆ. ಹೊಸ ನಕಲಿಗಿಂತ ಇದು ಎಷ್ಟೋ ಸಲ ಚೆನ್ನಾಗಿ ಕೂರುತ್ತದೆ.

ಕೊಳ್ಳುವ ಮೊದಲು ತಲೆಕೆಳಗು ಮಾಡಿ ನೋಡಿ. ಮೇಲೆ ಹೊಸ ಬಣ್ಣ ಕಂಡರೆ ಖುಷಿಪಡಬೇಡಿ, ಕೆರೆದು ನೋಡಲು ಒಪ್ಪಿಗೆ ಕೇಳಿ. ಸ್ಪೀಕರ್, ಸ್ವಿಚ್ಚು, ಎರಡನೇ ಬ್ಯಾಟರಿ ಅಂತ ಹಿಂದಿನವರು ಕೊರೆದ ತೂತುಗಳನ್ನು ಎಣಿಸಿ. ಮುಖ್ಯವಾಗಿ, ಎಲ್ಲ ಬಾಕ್ಸೂ ಎಲ್ಲ ಗಾಡಿಗೂ ಕೂರುವುದಿಲ್ಲ. ಸೀರೀಸ್ ಗಾಡಿಯದು ಡಿಫೆಂಡರ್‌ಗೆ ಹೊಂದುವುದಿಲ್ಲ. ಸ್ಟೀರಿಂಗ್ ಎಡಕ್ಕಿದೆಯೋ ಬಲಕ್ಕಿದೆಯೋ ಅನ್ನುವುದರ ಮೇಲೆ ಹ್ಯಾಂಡ್‌ಬ್ರೇಕ್ ಜಾಗ ಬದಲಾಗುತ್ತದೆ. ಗೇರ್‌ಬಾಕ್ಸ್ ಯಾವುದು, ಸೀಟಿನ ಹಳಿ ಯಾವ ಕಾಲದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹಳೇ ಬಾಕ್ಸಿನ ಫೋಟೋ, ಅಳತೆ ಎರಡೂ ಜೊತೆಗಿರಲಿ.

ಹೊಸ ಬಾಕ್ಸ್

ಭಾರ ಹೊರುವ ಜಾಗಗಳು ಒಂದಕ್ಕಿಂತ ಹೆಚ್ಚು ಕಡೆ ಹೋಗಿದ್ದರೆ ಚರ್ಚೆ ಬೇಡ, ಬದಲಿಸಿ. ಎರಡು ತುದಿಯೂ ಪುಡಿಯಾಗಿ, ಸೀಟಿನ ಅಂಚೂ ಮೆತ್ತಗಾದ ಬಾಕ್ಸಿಗೆ ತೇಪೆ ಹಾಕುತ್ತಾ ಹೋದರೆ ಕೊನೆಗೆ ತೇಪೆಗೆ ತೇಪೆ ಹಿಡಿದಿರುತ್ತದೆ, ನಡುವೆ ಮೂಲ ತಗಡು ಎಲ್ಲಿ ಅಂತ ಹುಡುಕಬೇಕಾಗುತ್ತದೆ.

ಹೊಸದರಲ್ಲೂ ಆಯ್ಕೆ ಇದೆ. ಮೂಲ ದಪ್ಪದ ಅಲ್ಯೂಮಿನಿಯಂ ಬಾಕ್ಸ್ ಹಗುರ, ನೋಡಲೂ ಮೂಲದ ಹಾಗೆ. 3 ಮಿಲಿಮೀಟರಿನ ದಪ್ಪ ಬಾಕ್ಸ್ ಕಾಡುಮೇಡು ಸುತ್ತುವ ಗಾಡಿಗೆ, ಗೂಡಿನಲ್ಲಿ ಭಾರದ ಸಾಮಾನು ಇಡುವವರಿಗೆ ಒಳ್ಳೆಯದು. ಆದರೆ ದಪ್ಪ ತಗಡು ಬಾಗಿ ಹೊಂದಿಕೊಳ್ಳುವುದಿಲ್ಲ. ಹಳೇ ಗಾಡಿಯ ಮೈ ಕಾಲಕ್ಕೆ ತಕ್ಕಂತೆ ಸ್ವಲ್ಪ ಸೊಟ್ಟಗಾಗಿರುತ್ತದೆ, ಮೂಲ ದಪ್ಪದ ತಗಡು ಅದಕ್ಕೆ ಬಗ್ಗುತ್ತದೆ, ದಪ್ಪನೆಯದನ್ನು ಅರದಿಂದ ಉಜ್ಜಿ ತೂತು ಅಗಲ ಮಾಡಿ ಕೂರಿಸಬೇಕಾಗುತ್ತದೆ. ಉಕ್ಕಿನ ಬಾಕ್ಸ್ ಮಾಡಿಸುವ ಯೋಚನೆ ಇದ್ದರೆ ಒಮ್ಮೆ ನಿಲ್ಲಿ. ಸುತ್ತಲೂ ಅಲ್ಯೂಮಿನಿಯಂ ನೆಲ, ಅಲ್ಯೂಮಿನಿಯಂ ಹಿಂಗೋಡೆ ಇರುವ ಕಡೆ ನಡುವೆ ದೊಡ್ಡ ಉಕ್ಕು ತಂದಿಟ್ಟರೆ, ಇವತ್ತು ಬಾಕ್ಸಿಗೆ ಆದದ್ದು ನಾಳೆ ಆ ತಗಡುಗಳಿಗೆ ಆಗುತ್ತದೆ.

ಅರ್ಧ ದಾರಿಯೂ ಒಂದಿದೆ. ಒಂದು ತುದಿಯ ತಗಡು ಅಥವಾ ಬ್ಯಾಟರಿ ತಳದ ಭಾಗವನ್ನಷ್ಟೇ ಹೊಸದಾಗಿ ಮಡಚಿಸಿ, ಹಳೇ ಸ್ಪಾಟ್ ವೆಲ್ಡುಗಳನ್ನು ಕೊರೆದು ತೆಗೆದು, ಅದೇ ತೂತುಗಳಲ್ಲಿ ರಿವೆಟ್ ಹಾಕಿ ಕೂರಿಸುವುದು. ಒಂದೇ ತುದಿ ಹಾಳಾಗಿದ್ದರೆ ಇದು ನನಗೆ ತುಂಬಾ ಇಷ್ಟದ ದಾರಿ. ತೇಪೆಯ ಹಾಗೆ ಕಾಣುವುದಿಲ್ಲ, ಹೊಸ ಬಾಕ್ಸಿನಷ್ಟು ಖರ್ಚೂ ಇಲ್ಲ.

ಇಡೀ ಬಾಕ್ಸ್ ಬದಲಿಸುವವರು ಬಾಕ್ಸಿನ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕಬೇಡಿ. ಹಳೇ ಬೋಲ್ಟುಗಳಲ್ಲಿ ಅರ್ಧ ತುಂಡಾಗುತ್ತವೆ, ಬಾಕ್ಸಿನೊಳಗಿನ ನಟ್ಟುಗಳು ಸುಮ್ನೆ ಸುತ್ತುತ್ತವೆ. ಸೀಲು, ಲಿವರ್‌ಗಳ ರಬ್ಬರ್ ಚೀಲ, ಬಣ್ಣ, ಹೊಸ ಬೋಲ್ಟುಗಳು ಎಲ್ಲ ಸೇರುತ್ತವೆ. ಬಾಕ್ಸ್ ಎತ್ತಿದ ಮೇಲೆ ಔಟ್‌ರಿಗರ್ (ಚಾಸಿಸ್ಸಿನಿಂದ ಪಕ್ಕಕ್ಕೆ ಚಾಚಿದ ಉಕ್ಕಿನ ತೋಳು) ತುಕ್ಕು ಹಿಡಿದಿರುವುದು ಕಂಡರೆ ಅದನ್ನು ಹಾಗೇ ಮುಚ್ಚಲು ಮನಸ್ಸು ಬರುವುದಿಲ್ಲ. ಎರಡು ದಿನ ಅಂದುಕೊಂಡ ಕೆಲಸಕ್ಕೆ ವಾರ ಇಟ್ಟುಕೊಳ್ಳಿ. ಎತ್ತುವ ಮೊದಲು ಬಾಗಿಲಿನ ಸುತ್ತಲ ಸಂದಿಗಳನ್ನು ಅಳೆದು ಬರೆದಿಡಿ. ಬಾಗಿಲ ಕಂಬದ ಬುಡ ಸಡಿಲವಾದರೆ ಕಂಬ ಸ್ವಲ್ಪ ಸರಿಯುತ್ತದೆ, ಆಮೇಲೆ ಬಾಗಿಲು ಹಾಕಿಕೊಳ್ಳುವುದೇ ಇಲ್ಲ.

ಉಕ್ಕಿನ ಮೈ ಇರುವ ಹಳೇ ಜೀಪುಗಳಾದರೆ

ವಿಲೀಸ್ ಜೀಪು, ಟೊಯೋಟಾದ ಎಫ್‌ಜೆ40 ಲ್ಯಾಂಡ್ ಕ್ರೂಸರ್ ಇಂಥವುಗಳಲ್ಲಿ ಲೆಕ್ಕ ಬೇರೆ. ಮೈಯೇ ಉಕ್ಕಾದ್ದರಿಂದ ಉಕ್ಕಿನ ತೇಪೆ, ಮಿಗ್ ವೆಲ್ಡಿಂಗ್ (ತಂತಿ ಹರಿಸಿ ಮಾಡುವ ವಿದ್ಯುತ್ ಬೆಸುಗೆ) ಸಹಜ. ತಗಡಿನ ಮೇಲೆ ತಗಡಿಟ್ಟು ಬೆಸೆಯುವುದಕ್ಕಿಂತ ಹಾಳಾದದ್ದನ್ನು ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಬೆಸೆಯಿರಿ, ಸಂದಿ ಇಲ್ಲದಿದ್ದರೆ ನೀರಿಗೆ ಜಾಗವಿಲ್ಲ. ವಿಲೀಸ್‌ನಲ್ಲಿ ಡ್ರೈವರ್ ಸೀಟಿನ ಕೆಳಗೇ ಟ್ಯಾಂಕ್ ಇದೆ ಅನ್ನುವುದು ನೆನಪಿರಲಿ.

ಹಾಗಾದರೆ ನಿಮಗೆ ಯಾವುದು?

ದಿನಾ ಓಡುವ ಗಾಡಿ, ಬ್ಯಾಟರಿ ತಳ ಮಾತ್ರ ಹೋಗಿದೆ, ಖರ್ಚು ಕಡಿಮೆ ಇರಬೇಕು ಅಂದರೆ ರಿವೆಟ್ ಮತ್ತು ಅಂಟು. ಬ್ಯಾಟರಿಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಡಿ, ಮುಂದಿನ ಸಲ ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿ ಹಾಕಿಸಿ. ಕಾರ್ಖಾನೆಯ ರೂಪ ಉಳಿಸಿಕೊಂಡ ಸೀರೀಸ್ ಗಾಡಿ, ಹಾಳಾದದ್ದು ಒಂದೇ ಕಡೆ ಅಂದರೆ ಟಿಗ್ ವೆಲ್ಡಿಂಗ್, ಅಥವಾ ತಾಳ್ಮೆ ಇದ್ದರೆ ಅದೇ ಕಾಲದ ಹಳೇ ಬಾಕ್ಸಿಗೆ ಕಾಯುವುದು. ಒಂದು ತುದಿ ಪೂರ್ತಿ ಹೋಗಿದ್ದರೆ ಆ ತುದಿಯ ಭಾಗ ಮಾತ್ರ. ಬೆಲ್ಟ್, ಸೀಟಿನ ಹಳಿ ಸುತ್ತ ತಗಡು ಪುಡಿಯಾಗಿದ್ದರೆ ಬಜೆಟ್ ಎಷ್ಟೇ ಇರಲಿ ಹೊಸದು ಅಥವಾ ಗಟ್ಟಿಯಾದ ಹಳೇ ಬಾಕ್ಸ್. ಹಣ ಕೂಡುವವರೆಗೆ ಗಾಡಿ ನಿಂತಿರಲಿ. ಮುಂದಿನ ವರ್ಷ ಚಾಸಿಸ್ ಬದಲಿಸುವವರು, ಭಾರ ಹೊರುವ ಜಾಗ ಚೆನ್ನಾಗಿದ್ದರೆ, ಈಗ ತೊಳೆದು ಬಣ್ಣ ಹಚ್ಚಿ ದಿನ ದೂಡಿ. ಹೊಸ ಬಾಕ್ಸನ್ನು ಹೊಸ ಚಾಸಿಸ್ಸಿನ ಜೊತೆಗೇ ಕೂರಿಸಿ.

ಯಾವ ದಾರಿ ಹಿಡಿದರೂ ಮತ್ತೆ ಜೋಡಿಸುವಾಗ ಉಕ್ಕು ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಬಾರದು. ಬ್ರಾಕೆಟ್‌ಗಳ ತುಕ್ಕು ತೆಗೆದು ಬಣ್ಣ ಹಚ್ಚಿ. ಎರಡರ ನಡುವೆ ನೀರು ಹೀರದ ರಬ್ಬರ್ ಪಟ್ಟಿಯೋ ಜಾಯಿಂಟಿಂಗ್ ಪೇಸ್ಟೋ ಇರಲಿ. ಸೀಟು ಮತ್ತು ಬೆಲ್ಟಿನ ಬೋಲ್ಟುಗಳ ಕೆಳಗೆ ಮಾತ್ರ ಮೆತ್ತಗಿನದು ಏನೂ ಬೇಡ, ಅಲ್ಲಿ ಬಣ್ಣ, ಪೇಸ್ಟ್, ದೊಡ್ಡ ಗಟ್ಟಿ ವಾಷರ್ ಸಾಕು. ತುಕ್ಕು ಹಿಡಿಯುವುದಿಲ್ಲ ಅಂತ ಎಲ್ಲ ಕಡೆ ಸ್ಟೇನ್‌ಲೆಸ್ ಬೋಲ್ಟ್ ಹಾಕಲು ಹೋಗಬೇಡಿ. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಕೂಡ ಒಳ್ಳೆಯ ಜೊತೆಯಲ್ಲ. ಜಿಂಕ್ ಲೇಪದ ಬೋಲ್ಟ್ ಹಾಕಿದರೆ ಮೊದಲು ಜಿಂಕ್ ತಾನೇ ಕರಗುತ್ತದೆ, ತಗಡು ಉಳಿಯುತ್ತದೆ. ಬೆಲ್ಟಿಗೆ ಮಾತ್ರ ತಯಾರಕರು ಹೇಳಿದ ದರ್ಜೆಯ ಬೋಲ್ಟೇ ಬೇಕು. ಗೂಡಿನ ತಳದಲ್ಲಿ ನೀರು ಇಳಿಯಲು ತೂತು ಇದ್ದರೆ ಬಣ್ಣ ತುಂಬಿ ಮುಚ್ಚಿಕೊಂಡಿಲ್ಲ ಅಂತ ಒಂದು ಕಡ್ಡಿ ತೂರಿಸಿ ನೋಡಿ. ಹಳೇ ಫೆಲ್ಟನ್ನು ಮತ್ತೆ ಒಳಗಿಡಬೇಡಿ. ಕೊನೆಯಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಹಾಕಿ, ಒಂದು ವಾರ ಓಡಿಸಿ, ಸೀಟು ಮತ್ತು ಬೆಲ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ.